ಮಾದರಿ ಕೈ

ಮುಳ್ಳುಹಂದಿ ಇನ್ನೂ ಸ್ವಲ್ಪ ನಗಲಿ
ಎಂದು ಬರೆದಿದ್ದಾರೆ ಪ್ರಕಾಶಕರು.
ಮೂರನೇ ಸಲ ನಗಿಸುತ್ತಿದ್ದೇನೆ.
ಅಕ್ಟೋಬರಿನ ಬಿಲ್ಲಿನ ಬಗ್ಗೆ ಮಾತ್ರ ಚಕಾರವೆತ್ತಿಲ್ಲ.

ತಾರ್ತುವಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲೆ.
ಒಲೆಗೆ ಎರಡು ಬರ್ಚ್ ಕೊರಡು ಹಾಕಿ
ಕುಂಚ ತೊಳೆದ ನೀರನ್ನೇ ಕಾಫಿಯೆಂದು ಕುಡಿಯಹೋಗಿ
(ಈ ವಾರ ಇದು ಎರಡನೇ ಬಾರಿ, ಲೇಲೊ,
ನೀನಿದ್ದರೆ ಊರಿಗೆಲ್ಲ ಸಾರುತ್ತಿದ್ದೆ)
ಮತ್ತೆ ಕೂತೆ.

ಔಷಧಿ ಅಂಗಡಿಯ ಕ್ಯಾಲೆಂಡರಿಗೆ ಹನ್ನೆರಡು ಮೂಲಿಕೆ.
ವಿಲ್ಯಾಂಡಿಯ ಹೆಲ್ವೆ ಅಜ್ಜಿಯ ಸತ್ತ ಬೆಕ್ಕು, ಫೋಟೊ ನೋಡಿ.
"ಎಡಗಡೆ ಮೀಸೆ ಇನ್ನೂ ಉದ್ದವಿತ್ತು" ಎಂದಳು ಫೋನಿನಲ್ಲಿ,
ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ.
ನಾನೂ ಫೋನಿಡಲಿಲ್ಲ.
ಮೀಸೆ ಉದ್ದ ಮಾಡಿದೆ. ಅದಕ್ಕೆ ಹಣ ಹಿಡಿಯಲಿಲ್ಲ.

ಕೈಗಳದ್ದೇ ಕಷ್ಟ.
ಇಪ್ಪತ್ತು ವರ್ಷ ನಿನ್ನ ಕೈ ನೋಡಿಯೇ ಬರೆದವಳು ನಾನು:
ರಾಣಿಗೆ, ಕಳ್ಳನಿಗೆ, ರೈ ರೊಟ್ಟಿ ಮುರಿಯುವ ಮುದುಕನಿಗೆ
ಎಲ್ಲರಿಗೂ ನಿನ್ನದೇ ಬೆರಳು.
"ಬೇಗ ಮುಗಿಸೇ ಮಾರೆಟ್, ಜೋಮು ಹಿಡಿಯಿತು"
ಎನ್ನುತ್ತಲೇ ಅಲ್ಲಾಡದೆ ಕೂತಿರುತ್ತಿದ್ದೆ.
ಕೊನೆಗೆ ಆಸ್ಪತ್ರೆಯಲ್ಲೂ ಅಲ್ಲಾಡಲಿಲ್ಲ ಆ ಕೈ.
ಚೀಲದಲ್ಲಿ ಪೆನ್ಸಿಲ್ ಇತ್ತು.
ಬರೆಯಲಿಲ್ಲ.

ಈಗ ಮುಳ್ಳುಹಂದಿಗೆ ಸೇಬಿನ ಹೋಳು ನೀಡುವ ಹುಡುಗಿಗೆ
ಒಂದು ಬಲಗೈ ಬೇಕು.
ಕನ್ನಡಿ ಒರಗಿಸಿ ನನ್ನ ಎಡಗೈ ಹಿಡಿದೆ.
ಅಲ್ಲಿ ಅದು ಬಲಗೈ.
ಹೆಬ್ಬೆರಳ ಗಿಣ್ಣು ಹಾಗೆ ಒಳಕ್ಕೆ ಬಾಗಿದ್ದು
ಯಾವಾಗಿನಿಂದ?
ಉಗುರಿನಡಿಯ ನೀಲಿ ಬಣ್ಣವಷ್ಟೇ ನನ್ನದು.

ಜೋಮು ಹಿಡಿಯುವವರೆಗೂ ಬರೆದೆ.
ಹಿಡಿದ ಮೇಲೂ ಸ್ವಲ್ಪ ಹೊತ್ತು, ಅಲ್ಲಾಡದೆ.
ಮುಳ್ಳುಹಂದಿಯ ನಗು ನಾಳೆಗಿರಲಿ.