ಸಜ್ಜಾದಿಂದ ವರದಿ

ಮೋಶಪ್ಪಣ್ಣ, ನೀವು ಕಳಿಸಿದ ನಮೂನೆ ಫೋನಿಗೆ ಬಂತು.
ತಿಂಗಳಿಗೆ ಎಷ್ಟು ಬೀದಿ, ಎಷ್ಟು ಕರಪತ್ರ, ಎಷ್ಟು ಆತ್ಮ.
ಮೂರು ಖಾಲಿ ಮನೆ, ಕೆಳಗೆ ಸಹಿಗೆ ಜಾಗ.

ಬೀದಿಯ ಲೆಕ್ಕ ಮೊದಲು ಬರೆಯುತ್ತೇನೆ, ಅದು ಸುಲಭ:
ಹನ್ನೊಂದು ಕಿಲೋಮೀಟರು, ಎರಡೂ ಕಡೆ.
ಓಡಾಡಿದ್ದಲ್ಲ, ಹಾಕಿದ್ದು.
ಲಾರಿಯಿಂದ ಹೊಗೆಯಾಡುತ್ತ ಸುರಿಯುವ ಡಾಂಬರನ್ನು
ಸಲಿಕೆಯಲ್ಲಿ ಎಳೆದು ಅಂಚು ಕಟ್ಟುವವನು ನಾನು.
ಮರಳುಗಾಡಿನಲ್ಲಿ ಹಾದಿ ನೆಟ್ಟಗೆ ಮಾಡುವುದು ಅಂತ
ನೀವು ಕಣ್ಣು ಮುಚ್ಚಿ ಹೇಳುತ್ತಿದ್ದಿರಲ್ಲ,
ಇಲ್ಲಿ ಅದಕ್ಕೆ ಓವರ್‌ಟೈಮ್ ಕೊಡುತ್ತಾರೆ.

ಆದರೆ ಹಾಕಿದ ಬೀದಿಯಲ್ಲಿ ನಿಂತು ಬಾಯಿ ತೆರೆಯುವ ಹಾಗಿಲ್ಲ.
ಆರಾಧನೆ ಉಂಟು, ಪಟ್ಟಣದಲ್ಲಿ, ಕಾಂಪೌಂಡಿನೊಳಗೆ.
ಗೋಡೆಯೊಳಗೆ ಎಷ್ಟಾದರೂ ಹಾಡು,
ಗೇಟು ದಾಟಿದರೆ ದನಿ ಜೇಬಿಗೆ.
ಬ್ಯಾಗಿನ ತಳದಲ್ಲಿ ಮೂವತ್ತು ಕರಪತ್ರ ತಂದಿದ್ದೆ.
ಒಂದನ್ನು ನಾಕು ಮಡಿಕೆ ಮಾಡಿ
ಅಲುಗಾಡುವ ಮಂಚದ ಕಾಲಿಗೆ ಕೊಟ್ಟೆ, ಕ್ಷಮಿಸಿ.
ಈಗ ಮಂಚ ಅಲುಗುವುದಿಲ್ಲ,
ಕೆಳಗಿನ ಬಂಕಿನ ತಿಲಕ್ ನಿದ್ದೆ ಮಾಡುತ್ತಾನೆ.
ಕರಪತ್ರ: ಒಂದು.

ನೆನಪಿದೆಯಾ ಭಾಲ್ಕಿ ಬಸ್‌ಸ್ಟ್ಯಾಂಡು?
ಹಲಗೆ ನಿಮ್ಮದು, ಬ್ಯಾಟರಿ ಮೈಕು ನನ್ನದು,
ನನಗೂ ಕಂಡಕ್ಟರುಗಳಿಗೂ ಪೈಪೋಟಿ.
ನಾನು ನಿತ್ಯಜೀವ ಅಂದರೆ ಅವರು ಹುಮನಾಬಾದ್ ಅನ್ನುವರು,
ಜನ ಹುಮನಾಬಾದಿಗೇ ಹತ್ತುವರು.
ಒಬ್ಬ ಮುದುಕಿ ಮಾತ್ರ ಒಂದು ದಿನ ಕಡೆತನಕ ಕೂತಿದ್ದಳು,
ಕಣ್ಣಲ್ಲಿ ನೀರು. ನೀವು ನಮೂನೆಯಲ್ಲಿ ಒಂದು ಅಂತ ಬರೆದಿರಿ.
ಅವಳ ಮೊಮ್ಮಗನ ಬಸ್ಸು ಬಂದಿರಲಿಲ್ಲ, ಅಷ್ಟೆ.
ನಾನು ಆಗ ಹೇಳಲಿಲ್ಲ.

ರೋಲರ್ ಓಡಿಸುವ ಗುಲ್‌ಜರೀನ್ ಸ್ವಾತ್ ಕಡೆಯವನು.
ಎಲೀಷ ಅಂದರೆ, ನಮ್ಮಲ್ಲೂ ಇದ್ದಾನೆ, ಅಲ್‌ಯಸ, ಅಂದ.
ಊರಲ್ಲಿ ಏನು ಕೆಲಸ ನಿಂದು?
ಕೂಗುವುದು, ಅಂದೆ.
ಎಲ್ಲಿ, ತೋರಿಸು.
ರೋಲರಿನ ಪಕ್ಕ ಹೆಜ್ಜೆ ಹಾಕುತ್ತ, ಎಂಜಿನ್ನಿನ ಗುಡುಗಿನ ಕೆಳಗೆ,
ಭಾಲ್ಕಿಯ ಇಡೀ ಪ್ರಸಂಗ ಒಪ್ಪಿಸಿದೆ
ಪೂರಾ ಗಂಟಲಲ್ಲಿ, ಕತ್ತಿನ ನರ ಉಬ್ಬಿ.
ಒಂದಕ್ಷರ ಕೇಳದ ಅವನು
ಮೇಲಿಂದ ಹೆಬ್ಬೆರಳು ಎತ್ತಿ ನಕ್ಕ.
ಮುಗಿಯುವಷ್ಟರಲ್ಲಿ ಬೀದಿ ಹದವಾಗಿ ಕೂತಿತ್ತು.

ಹನ್ನೆರಡೂವರೆಯಿಂದ ಮೂರರತನಕ ಬಿಸಿಲಿಗೆ ಸರಕಾರಿ ರಜೆ.
ಹಸಿರು ಬಲೆಯ ನೆರಳಲ್ಲಿ ಅವನು ರಟ್ಟು ಹಾಸಿ ನಮಾಜಿಗೆ ನಿಲ್ಲುತ್ತಾನೆ,
ಹಿಂದೆ ಹದಿನಾಲ್ಕು ಜನ.
ಹೋದ ತಿಂಗಳು ಎರಡು ಜೊತೆ ಬೂಟು ಕಳುವಾದವು.
ಬರಿಗಾಲು, ಆ ಡಾಂಬರು, ಯೋಚನೆ ಮಾಡಿ.
ನೀನು ಹೇಗೂ ಕೂತಿರ್ತಿ, ನೋಡಿಕೋ, ಅಂದ.
ಅಂದಿನಿಂದ ಕಾಯುತ್ತೇನೆ.
ಬಾಯಿ ತೆರೆದ ಮೂವತ್ತು ಬೂಟು,
ಒಳಗೆ ಬೆವರಿನ ಉಪ್ಪುಗೆರೆ,
ಒಂದರ ನಾಲಿಗೆಯ ಮೇಲೆ ಪೆನ್ನಲ್ಲಿ ಮಗಳ ಹೆಸರು.
ಇಷ್ಟು ತದೇಕ ನನ್ನ ಕಡೆ ನೋಡಿದ ಸಭೆ
ಭಾಲ್ಕಿಯಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

ಮೂರನೆಯ ಮನೆ ಹಾಗೇ ಬಿಟ್ಟಿದ್ದೇನೆ ಅಣ್ಣಾ.
ಮೂವತ್ತು ಅಂತ ಒತ್ತಲು ಬೆರಳು ಹೋಗಿತ್ತು,
ಹಿಂದಕ್ಕೆ ತಂದೆ.

ಇನ್ನೊಂದು ಮಾತು, ಇದಕ್ಕೆ ನಮೂನೆಯಲ್ಲಿ ಮನೆಯಿಲ್ಲ.
ಕೋಣೆಯಲ್ಲಿ ಎಂಟು ಜನ, ಕನ್ನಡ ನನ್ನೊಬ್ಬನದೇ.
ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತ ತಿಲಕ್ ಹೇಳಿದ:
ರಾತ್ರಿ ನಿದ್ದೆಯಲ್ಲಿ ಎದ್ದು ಕೂತು, ಕೈ ಚಾಚಿ,
ಜೋರಾಗಿ ಕೂಗುತ್ತಿದ್ದೆನಂತೆ.
ಎದೆ ಧಸಕ್ಕೆಂದಿತು.
ಗೋಡೆ ದಾಟಿತೆ? ವಾಚ್‌ಮನ್ ಕೇಳಿದನೆ?
ಏನಂತ ಕೂಗಿದೆ, ನೆನಪಿದೆಯಾ?
ಬುರುಗು ಉಗುಳಿ, ನಾಲಿಗೆಗೆ ಹೊಂದದ ಮಾತನ್ನು
ಒಂದೊಂದಾಗಿ ಹೆಕ್ಕಿ ಹೇಳಿದ ಹುಡುಗ:
ಹುಮನಾಬಾದ್, ಹುಮನಾಬಾದ್,
ಸೀಟದ, ಬರ್ರಿ.