ಒಂದು ಶಬ್ದ ಕನ್ನಡದಾಗ ಇರಲಿ

ಬರಿರಿ ವಕೀಲ್ರ, ಮರಾಠಿಯಾಗ ಬರಿರಿ,
ಕಚೇರಿಗೆ ತಿಳಿಯೂ ಭಾಷೆಯಾಗ.
ಹೆಸರು ನೀಲಗಂಗಾ, ತಂದಿ ಹೆಸರು ಸಿದ್ರಾಮ,
ವಯಸ್ಸು ಅರವತ್ತೆಂಟು, ಆಧಾರ ಕಾರ್ಡಿನ್ಯಾಗ ಅರವತ್ನಾಕು.
ಕಾರ್ಡಿಂದೇ ಹಿಡೀರಿ,
ನಾಕು ವರ್ಷ ಉಳೀತು ಅಂತ ತಿಳಕೋತೀನಿ.

ಅಕ್ಕಲಕೋಟಿ ಬಸ್ ಸ್ಟ್ಯಾಂಡಿನ ಹಿಂದ ಖಾನಾವಳಿ,
ಮೂವತ್ತೊಂದು ವರ್ಷ ರೊಟ್ಟಿ ಬಡದ ಕೈ ಇವು.
ಮದಿವಿ ಆಗಲಿಲ್ಲ. ಯಾಕಂತ ಕಾಗದಕ್ಕ ಬ್ಯಾಡ.

‘ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯನೂ ಇಲ್ಲದ’
ಹಾಂ, ಅದನ್ನ ದಪ್ಪಗೆ ಬರಿರಿ.
ನಿನ್ನೆ ಪಲ್ಯಾಕ್ಕ ಎರಡು ಸಲ ಉಪ್ಪು ಹಾಕಿದೆ.
ಅದಕ್ಕ ಇವತ್ತ ಬಂದೀನಿ.

ನಮ್ಮ ಅಕ್ಕ ಬಂಗಾರೆವ್ವಗ ಲಕ್ವಾ ಹೊಡೀತು, ಬಲಗೈ ಹೋತು.
ಬ್ಯಾಂಕಿನ್ಯಾಗ ಅಕೀವೇ ಒಂದು ಲಕ್ಷ ನಾಲ್ವತ್ತು ಸಾವಿರ.
ಸಹಿ ಹೊಂದೂದಿಲ್ಲ ಅಂದ ಮ್ಯಾನೇಜರ.
ಸಹಿ ಅಲ್ಲರೀ, ಕೈನೇ ಹೊಂದವಲ್ದು ಅಂದೆ.
ಅಕಿ ರೊಕ್ಕ ಅಲ್ಲಿ ಬಡ್ಡಿ ತಿನಕೋತ ಕುಂತಿತ್ತು,
ನಾ ಇಲ್ಲಿ ಪಾಟ್ಲಿ ಒತ್ತಿ ಇಟ್ಟು ಔಷಧ ತಂದೆ.

ಮುಖತ್ಯಾರ ಪತ್ರ ಮಾಡಿದ್ರ ಸಾಕಲ್ಲಾ,
ಅಂತ ಕೇಳಿದ್ದೆ ನಿಮ್ಮನ್ನ ಹ್ವಾದ ವಾರ.
ಚಷ್ಮಾ ತಗದು ಅಂದ್ರಿ:
ಬುದ್ಧಿ ಇರೂತನ ಅಷ್ಟೇ ಅದಕ್ಕ ಜೀವ, ಬಾಯಿ,
ಬರಸಿದವರ ಬುದ್ಧಿ ಹ್ವಾದ್ರ ಕಾಗದನೂ ಹೋಗ್ತದ.
ನಗು ಬಂತು ನನಗ.
ಬಿಸಲಾಗ ಬಿಚ್ಚಿ, ಮಳಿ ಬಂದಕೂಡ್ಲೆ ಮುಚ್ಚೂ ಛತ್ರಿ,
ಯಾವ ಜಾಣ ಹೊಲದ್ನೋ!

ಇರಲಿ, ಬುದ್ಧಿ ಇರೂತನ ಅದೂ ಇರಲಿ.
ಖಾತೆಕ್ಕ ಜೋಡಿ ಹೆಸರು ಹಚ್ಚಿಸೀನಿ, ಮೈಮೂನಾಂದು,
ಇಬ್ಬರಾಗ ಯಾರ ಬಂದ್ರೂ ನಡೀಬೇಕು ಅಂತ.
ಹದಿನಾಲ್ಕರಾಕಿ ಇದ್ದಾಗ ಹಿಟ್ಟು ಸೋಸಾಕ ಬಂದಾಕಿ,
ಈಗ ಖಾನಾವಳಿ ಲೆಕ್ಕ ಎಲ್ಲಾ ಅಕೀದೇ.
ಸಂಬಂಧ ಏನು, ಅಂತ ಫಾರ್ಮ್ ಕೇಳ್ತದ.
ಒಲಿ ಸಂಬಂಧ ಅಂತ ಬರಿಯಾಕ ಜಾಗಾ ಇಲ್ಲಲ್ಲ.

ಈಗ ಎರಡನೇ ಕಾಗದ, ದವಾಖಾನಿದು.
ತಿರುಗಿ ಬರೂ ದಾರಿ ಇಲ್ಲ ಅಂತ ಡಾಕ್ಟರಗೋಳು ಒಪ್ಪಿದ ಮ್ಯಾಲ
ಗಂಟಲಾಗ ನಳಿಗಿ ಹಾಕಬಾರದು,
ಉಸಿರಾಡಸೂ ಯಂತ್ರ ಹಚ್ಚಬಾರದು.
ನೋವಿಗಿ ಔಷಧ ಕೊಡ್ರಿ, ಅದರಾಗ ಜಿಪುಣತನ ಮಾಡಬಾರದು.
ನಿರ್ಣಯ ಮೈಮೂನಾ ತಗೊಳ್ಳಲಿ,
ಅಕಿ ಸಿಗದಿದ್ರ ತಮ್ಮನ ಸೊಸಿ ಶಶಿಕಲಾ.

ಇನ್ನೊಂದು ಮಾತು. ಪೆನ್ನು ಕೆಳಗ ಇಡಬ್ಯಾಡ್ರಿ.

ಸೊಲ್ಲಾಪುರ ದವಾಖಾನ್ಯಾಗ, ಮಲಗಿದ ನಾಕನೇ ತಿಂಗಳು,
ಅಕ್ಕನ ಮರಾಠಿ ಹೋತು.
ಸಂತಿಯಾಗ ಕಾಯಿಪಲ್ಯ ಮಾರಿದ ಮರಾಠಿ,
ಗಿರಾಕಿ ಜೋಡಿ ಜಗಳಾಡಿದ ಮರಾಠಿ,
ಗುಡಿ ಹೊರಗ ಬಿಟ್ಟ ಚಪ್ಪಲಿ ಹಂಗ, ಯಾರು ಒಯ್ದರೋ.
ಉಳದದ್ದು ಅವ್ವ ಕಲಿಸಿದ್ದಷ್ಟೇ.
ನಳಿಗಿ ಹಾಕಾಕ ಬಂದ್ರ ಅಂದ್ಲು: ಬ್ಯಾಡ.
ನರ್ಸಬಾಯಿ ಲಾತೂರದಾಕಿ, ಒಳ್ಳೆ ಹುಡುಗಿ,
‘ಬೆಡ್’ ಅಂತ ತಿಳಕೊಂಡು
ಹ್ಯಾಂಡಲ್ ತಿರುವಿ ಹಾಸಿಗಿ ಎತ್ತರ ಮಾಡಿದ್ಲು.
ಬ್ಯಾಡ, ಅಂದ್ಲು ಅಕ್ಕ.
ಇನ್ನಷ್ಟು ಎತ್ತರ ಮಾಡಿದ್ಲು.

ನಾ ಕೆಳಗ ಚಾ ತರಾಕ ಹೋಗಿದ್ದೆ.

ಅದಕ್ಕ, ಇಡೀ ಕಾಗದ ಮರಾಠಿಯಾಗೇ ಇರಲಿ,
ನಡುವ ಒಂದು ಶಬ್ದ ಕನ್ನಡದಾಗ ಬರಿರಿ.
ಬರಾಂಗಿಲ್ಲಾ? ತರ್ರಿ ಇಲ್ಲೆ, ನಾನೇ ಬರೀತೀನಿ,
ನಾಕನೇತ್ತ ಕಲತೀನಿ ಕನ್ನಡ ಸಾಲ್ಯಾಗ.
ಬ. ಅದಕ್ಕ ಯ ಒತ್ತು. ದೀರ್ಘ. ಡ.
ಬಾಜೂಕ ನೀವು ಅರ್ಥ ಬರಿರಿ: ನಕೋ.
ಈ ಬಾಯಿ ಹಿಂಗಂದ್ರ
ಹಾಸಿಗಿ ಮುಟ್ಟಬ್ಯಾಡ್ರಿ ಅಂತ.

ಸಾಕ್ಷಿ ಇಬ್ರೂ ಹೊರಗ ನಿಂತಾರ,
ಔಷಧ ಅಂಗಡಿ ಪತ್ಕಿ, ಕಂಡಕ್ಟರ್ ಬಿರಾಜದಾರ.
ಅವನ ಕಲಬುರ್ಗಿ ಗಾಡಿಗಿ ಇನ್ನ ಇಪ್ಪತ್ತ ನಿಮಿಷ ಅದ.
ನೋಟರಿ ಬರೂತನ ಚಾ ಹೇಳ್ರಿ, ರೊಕ್ಕ ನಾ ಕೊಡ್ತೀನಿ.
ಅವಸರ ಮಾಡಬ್ಯಾಡ್ರಿ ಸಹಿಗೆ,
ಇವತ್ತ ಕೈ ಇನ್ನಾ ನನ್ನ ಮಾತು ಕೇಳ್ತದ.

ಮತ್ತ ಝೆರಾಕ್ಸ್ ಮೂರು ಬೇಕು.
ಮೈಮೂನಾಗ ಒಂದು, ಡಾಕ್ಟರಗ ಒಂದು,
ಒಂದು ರೊಟ್ಟಿ ಬುಟ್ಟಿ ಮ್ಯಾಲಿನ ಗ್ವಾಡಿಗಿ,
ಮರತ್ರ ನನಗೂ ಕಾಣಲಿ.