ಕಡುಬಿನಂಥ ಚಂದ್ರ

ಬೋಂಡ ಸುತ್ತಿಕೊಟ್ಟ ಪೇಪರಿನಲ್ಲಿ ಅದು ಇತ್ತು.
ಎಣ್ಣೆ ಕುಡಿದು ಆಚೆಬದಿ ಕಾಣುತ್ತಿದ್ದ ಚಿತ್ರ:
ನಡು ಉಬ್ಬಿ, ಸುತ್ತ ಅಂಚು ಒತ್ತಿದ
ಹಬ್ಬದ ಕಡುಬಿನಂಥದು.
ಕೆಳಗೆ ಬರೆದಿತ್ತು: ಪ್ಯಾನ್. ಶನಿಯ ಒಳಚಂದ್ರ.
ಅಗಲ ಇಷ್ಟೇ,
ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ
ಒಂದು ಟಿಕೆಟ್ಟಿನ ದೂರ.

ನಾನು ರಿಂಗ್ ರೋಡಿನಲ್ಲಿ, ಅಗರದ ಸ್ಟಾಪಿನ ಟೈಮ್‌ಕೀಪರ್.
ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು,
ಇಪ್ಪತ್ತೆರಡು ವರ್ಷ ಅದನ್ನೇ ಬರೆದವನು.
ಶನಿ ಅಂದರೆ ಗೊತ್ತಿದ್ದದ್ದು ಎಳ್ಳುಬತ್ತಿ,
ಏಳೂವರೆ ವರ್ಷದ ಕಾಟ,
ಅತ್ತೆ ತಂದು ಕಟ್ಟಿದ ಕಪ್ಪು ದಾರ.
ಅವನಿಗೂ ಒಂದು ರಿಂಗ್ ರೋಡಿದೆ,
ಅದರೊಳಗೆ ಒಂದು ಖಾಲಿ ಸಂದಿಯಿದೆ,
ಆ ಸಂದಿಯನ್ನು ಯಾರೋ ಗುಡಿಸುತ್ತಲೇ ಇರುತ್ತಾರೆ
ಅಂತ ಹೇಳಿದವರಿಲ್ಲ.

ಹದಿನಾಲ್ಕು ಗಂಟೆಗೆ ಒಂದು ಸುತ್ತು.
ರಜೆಯಿಲ್ಲ. ಬದಲಿ ಆಳಿಲ್ಲ.
ಗುಡಿಸಿದ ಪುಡಿ ಒಂದಿಷ್ಟು ತನ್ನ ಸೊಂಟಕ್ಕೇ ಮೆತ್ತಿ
ಮೆತ್ತಿ ಮೆತ್ತಿ ಆ ಅಂಚಾಯಿತಂತೆ.

ಉಳಿದದ್ದು ಚಟ್ನಿಯ ಕೆಳಗೆ.
ಬೆರಳಲ್ಲಿ ಒರೆಸಿ ಓದಿದೆ:
ಮೊದಲು ಅದು ಯಾರಿಗೂ ಕಾಣಲಿಲ್ಲ.
ಸಂದಿಯ ದಡದಲ್ಲಿ ಸಣ್ಣ ಅಲೆಗಳು ಕಂಡವು,
ಸೀರೆಯಂಚಿನ ಸುಕ್ಕಿನ ಹಾಗೆ.
ಯಾರೋ ಇಲ್ಲಿ ಓಡಾಡುತ್ತಿದ್ದಾರೆ ಅಂದರು.
ಲೆಕ್ಕ ಹಾಕಿ, ಹಳೇ ಫೋಟೋಗಳನ್ನು ಹರವಿಕೊಂಡು ಕೂತರು.
ಒಂಬತ್ತು ವರ್ಷದಿಂದ ಅದು ಅವರ ಹತ್ತಿರವೇ ಇತ್ತು,
ಒಂದು ಚುಕ್ಕೆಯಾಗಿ.

ನಾಲ್ಕೂಮುಕ್ಕಾಲಿಗೆ ನನ್ನ ಮೊದಲ ಬಸ್ಸು.
ಅದಕ್ಕೂ ಮುಂಚೆ ಯಾರೋ ಬಂದು ಹೋಗಿರುತ್ತಿದ್ದರು.
ನೆಲದ ಮೇಲೆ ಪೊರಕೆಯ ಗೀರು,
ಅರ್ಧ ಬಳೆ, ಅರ್ಧ ಬಳೆ, ಅರ್ಧ ಬಳೆ,
ಮೊದಲ ಟೈರು ತುಳಿಯುವ ತನಕ.
ನಾನು ಬರೆದದ್ದು ಟೈರಿನ ಲೆಕ್ಕ.

ಆ ಶನಿವಾರ ಗೀರಿನ ಕೊನೆಯಲ್ಲಿ ಒಬ್ಬಳು ನಿಂತಿದ್ದಳು.
"ಓಬಳಮ್ಮ, ಸಾ. ದಿನಾ ನಿಮ್ಮ ಮುಂದೇನೇ ಗುಡಿಸೋದು."
ನೋಡಿರಲಿಲ್ಲ. ಗೊತ್ತು ಅನ್ನುವಂತೆ ತಲೆಯಾಡಿಸಿದೆ.
"ಕಾಯಂ ಮಾಡ್ತಾರಂತೆ. ಆಫೀಸಲ್ಲಿ ಕೇಳ್ತಾರೆ,
ಇಷ್ಟು ವರ್ಷ ಗುಡಿಸಿದ್ದಕ್ಕೆ ಏನು ಪುರಾವೆ ಅಂತ.
ಗುಡಿಸಿದ ಮೇಲೆ ಏನು ಉಳಿಯುತ್ತೆ, ಸಾ?
ಕಸ ಉಳಿದಿದ್ರೆ ತೋರಿಸ್ತಿದ್ದೆ.
ನಿಮ್ಮ ಫೋನಲ್ಲಿ ಹಳೇದು ಏನಾದ್ರೂ ಇದೆಯಾ,
ನಾನಿರೋದು?"

ಮಧ್ಯಾಹ್ನ ಗೂಡಿನಲ್ಲಿ ಕೂತು ಹಿಂದಕ್ಕೆ, ಹಿಂದಕ್ಕೆ ತಳ್ಳಿದೆ.
ಮೊಮ್ಮಗನ ನಾಮಕರಣ, ಕರೆಂಟ್ ಬಿಲ್ಲು,
ಯಾರ್ಯಾರೋ ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿ,
ಕೆರೆ ಉಕ್ಕಿ ಬಸ್ಸು ಮೊಣಕಾಲು ನೀರಲ್ಲಿ ನಿಂತದ್ದು.
ಎಂಟೋ ಒಂಬತ್ತೋ ವರ್ಷದ ಹಿಂದಿನ ಆಯುಧಪೂಜೆ:
ಬಾಳೆಕಂದು ಕಟ್ಟಿದ ಬಸ್ಸು,
ಕೈಕಟ್ಟಿ ನಿಂತ ಡ್ರೈವರ್ ಗಿರಿಯಪ್ಪ,
ಕಂಡಕ್ಟರ್ ಜೈತುನ್‌ಬಿ, ಹೊಟ್ಟೆ ಒಳಗೆಳೆದುಕೊಂಡ ನಾನು,
ಒಡೆದ ಬೂದುಗುಂಬಳ.
ಬಲತುದಿಯಲ್ಲಿ, ಟೈರಿನ ಪಕ್ಕ, ಬಗ್ಗಿದ ಒಂದು ಬೆನ್ನು.

ಎರಡು ಬೆರಳಿಟ್ಟು ಅಗಲಿಸಿದೆ.
ಚೌಕ ಚೌಕ ಒಡೆದರೂ ತಿಳಿಯುತ್ತಿತ್ತು:
ಪೊರಕೆ, ಹಸಿರು ಕೋಟು,
ಸೊಂಟಕ್ಕೆ ಸುತ್ತಿ ಬಿಗಿದ ಸೆರಗು,
ಅದರ ಅಂಚಿಗೆ ಮೆತ್ತಿದ ಕುಂಕುಮದ ಕುಂಬಳತಿರುಳು.
ಮುಖ ಅರ್ಧ.
ನಾವೆಲ್ಲ ಕ್ಯಾಮೆರಾ ನೋಡುತ್ತಿದ್ದೇವೆ.
ಅವಳು, ನಾವು ಒಡೆದದ್ದನ್ನು.

ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕೊಟ್ಟೆ.
ಅರ್ಧ ಮುಖ ಸಾಕೋ ಸಾಲದೋ ಗೊತ್ತಿಲ್ಲ.
ಸೋಮವಾರ ಬಾ ಅಂದರು,
ಆಮೇಲೆ ಇನ್ನೊಂದು ಸೋಮವಾರ.

ಈಗ ನನ್ನ ರಿಜಿಸ್ಟರಿನ ಮೊದಲ ಸಾಲು ಬಸ್ಸಿಗೂ ಮುಂಚಿನದು:
೪-೧೦. ಓಬಳಮ್ಮ. ಬಂದಿದ್ದಾರೆ.
ಇನ್‌ಸ್ಪೆಕ್ಟರು ಪುಟ ತಿರುವಿ ಕೇಳಿದರು,
"ಏನ್ರೀ ಇದು, ಯಾವ ರೂಟಿನ ಗಾಡಿ?"

"ರಿಂಗ್ ರೋಡಿಂದೇ, ಸಾರ್," ಅಂದೆ.
"ಒಳಸುತ್ತು."